ಚೀಟಿಯಲ್ಲಿ ಬರೆದು ಕೊಡಿ

ಏಪ್ರಿಲ್ 3

ತಮ್ಮಾ,

ನಾವೆಲ್ಲ ಚೆನ್ನಾಗಿದ್ದೇವೆ ಎಂಬ ಸಾಲನ್ನು ಕೊನೆಗೆ ಬರೆಯುತ್ತೇನೆ, ಈಗ ಅದಕ್ಕೆಲ್ಲ ಪುರುಸೊತ್ತಿಲ್ಲ. ನನ್ನನ್ನು ಆರಿಸಿಬಿಟ್ಟರು! ಕೈಕೆಲಸ ಕಲಿಸುವ ಆ ಆನ್‌ಲೈನ್ ಚಾನೆಲ್ಲಿನವರು ಇವತ್ತು ಬೆಳಿಗ್ಗೆ ಫೋನ್ ಮಾಡಿದ್ದರು. ವಾರಕ್ಕೊಂದು ಕಂತು, ಒಟ್ಟು ಹನ್ನೆರಡು. ಹೊಲಿಗೆ ಮೆಷಿನ್ ಕೆಟ್ಟರೆ ಮನೆಯಲ್ಲೇ ಹೇಗೆ ಸರಿಮಾಡಿಕೊಳ್ಳುವುದು ಎಂದು ನಾನು ತೋರಿಸಬೇಕು. ನಾನು! ಮೂವತ್ತೊಂದು ವರ್ಷದಿಂದ ಮೆಷಿನ್‌ಗಳ ಹೊಟ್ಟೆಯೊಳಗೆ ತಲೆ ತೂರಿಸಿಕೊಂಡು ಕೂತವಳು, ಈಗ ತಲೆ ಎತ್ತಿ ಕ್ಯಾಮೆರಾ ನೋಡಿ ನಗಬೇಕಂತೆ.

ಸ್ಟುಡಿಯೋ ನಾವೇ ಮಾಡಿಕೊಳ್ಳಬೇಕು. ಅಂಗಡಿಯ ಹಿಂದಿನ ಆಫೀಸ್ ರೂಮನ್ನು ಖಾಲಿ ಮಾಡಲು ಶುರು ಮಾಡಿದ್ದೇನೆ. ಅಪ್ಪನ ಕಾಲದ ಸ್ಕ್ರೂ ಡಬ್ಬಿಗಳು, ಮೂರು ಕಾಲಿನ ಮೇಜು, ಮುರಿದ ಪೆಡಲ್‌ಗಳು, ಎಲ್ಲ ಹೊರಗೆ. ರೂಮಿನ ನಕ್ಷೆ ಬರೆದು ಇದರ ಜೊತೆ ಇಟ್ಟಿದ್ದೇನೆ. ಕಿಟಕಿ ಎಲ್ಲಿದೆ, ಬಾಗಿಲು ಎಲ್ಲಿದೆ, ಗೋಡೆಯಾಚೆ ಅಡಿಗೆಮನೆಯಲ್ಲಿ ಫ್ರಿಜ್ಜು ಎಲ್ಲಿದೆ, ಎಲ್ಲವನ್ನೂ ಅಳತೆ ಹಿಡಿದು ಹಾಕಿದ್ದೇನೆ.

ಒಂದೇ ಒಂದು ಭಯ ಇದೆ. ಚಾನೆಲ್ಲಿನ ಹುಡುಗಿ ಹೇಳಿದಳು: "ಪಿಕ್ಚರ್ ಸ್ವಲ್ಪ ಆಚೀಚೆ ಆದ್ರೂ ಜನ ನೋಡ್ತಾರೆ ಮೇಡಂ. ಸೌಂಡ್ ಕೆಟ್ರೆ ಒಂದು ನಿಮಿಷ ಕೂರಲ್ಲ." ಮೊದಲ ಕಂತು ಜೂನ್ 30ರೊಳಗೆ ಅವರ ಕೈಸೇರಬೇಕು. ಅದು ಒಪ್ಪಿಗೆಯಾಗದಿದ್ದರೆ ನನ್ನ ಜಾಗ ಒಬ್ಬ ಮಿಕ್ಸಿ ರಿಪೇರಿಯವನಿಗೆ ಹೋಗುತ್ತದಂತೆ. ಮಿಕ್ಸಿಯವನಿಗೆ! ಸದ್ದು ಮಾಡುವುದನ್ನೇ ಕಸುಬು ಮಾಡಿಕೊಂಡವನಿಗೆ!

ನಗಬೇಡ. ಈಗ ಅಂಗಡಿಗೆ ಬರುವ ಮೆಷಿನ್‌ಗಳು ವಾರಕ್ಕೆ ನಾಲ್ಕೋ ಐದೋ. ಕೆಟ್ಟರೆ ಜನ ಎಸೆಯುತ್ತಾರೆ. ಅಪ್ಪ ಕಲಿಸಿದ ವಿದ್ಯೆ ನನ್ನ ಜೊತೆಗೇ ಮುಗಿದುಹೋಗುತ್ತದಲ್ಲೋ. ಇದೊಂದು ಬಾಗಿಲು ತೆರೆದಿದೆ, ನಾನು ಒಳಗೆ ಹೋಗಲೇಬೇಕು.

ಅದಕ್ಕೇ ನಿನ್ನ ಕಿವಿ ಬೇಕು. ಇಪ್ಪತ್ತು ವರ್ಷ ರೆಕಾರ್ಡಿಂಗ್ ಸ್ಟುಡಿಯೋದಲ್ಲಿ ದೊಡ್ಡ ದೊಡ್ಡವರ ದನಿಯನ್ನೆಲ್ಲ ಸರಿಮಾಡಿದವನು ನೀನು. ಅಂಥ ಕೆಲಸ ಬಿಟ್ಟು ಆ ಗುಡ್ಡದ ತುದಿಗೆ ಹೋಗಿ ಎರಡು ವರ್ಷದಿಂದ ಗಾಳಿ, ಮಳೆ ಅಳೆಯುತ್ತ ಯಾಕೆ ಕೂತಿದ್ದೀಯೋ ನನಗಿನ್ನೂ ಅರ್ಥವಾಗಿಲ್ಲ, ಇರಲಿ. ಖಾಲಿ ರೂಮಿನಲ್ಲಿ ಮಾತಾಡಿ ರೆಕಾರ್ಡ್ ಮಾಡಿದ ಮೆಮೊರಿ ಕಾರ್ಡ್ ಕಳಿಸಿದ್ದೇನೆ. ಕೇಳಿ ಹೇಳು. ನೀನು ಹೂಂ ಅನ್ನದೆ ನಾನು ಏನನ್ನೂ ಅವರಿಗೆ ಕಳಿಸುವುದಿಲ್ಲ.

ನಾವೆಲ್ಲ ಚೆನ್ನಾಗಿದ್ದೇವೆ.

ಅಕ್ಕ


ಏಪ್ರಿಲ್ 12

ಅಕ್ಕಾ,

ಅಂತೂ ಇಂತೂ ನಿನ್ನ ಬಾಯಿಗೆ ತಕ್ಕ ಕೆಲಸ ಸಿಕ್ಕಿತು. ಪೋಸ್ಟಿನ ಜೀಪು ಇಲ್ಲಿಗೆ ವಾರಕ್ಕೊಂದು ಸಲ ಬರುತ್ತದೆ, ರಾತ್ರಿ ಇಲ್ಲೇ ಉಳಿದು ಮರುದಿನ ಇಳಿಯುತ್ತದೆ. ನಿನ್ನ ಪತ್ರವನ್ನು ಅದರ ಪಕ್ಕದಲ್ಲೇ ನಿಂತು ಓದಿದೆ. ಡ್ರೈವರ್ ಏನೋ ಕೇಳಿದ, ನಾನು ಸುಮ್ಮನೆ ನಗುತ್ತಿದ್ದೆ.

ಕಾರ್ಡು ಹಾಕಿ ನೋಡಿದೆ. ಗೋಡೆ ಬೋಳು, ನೆಲ ಸಿಮೆಂಟು. ಅಂಥ ರೂಮಿನಲ್ಲಿ ಮಾತು ಚೆಂಡಿನ ಹಾಗೆ ಪುಟಿಯುತ್ತದೆ. ಎದುರು ಗೋಡೆಗೆ ದಪ್ಪ ರಜಾಯಿ ನೇತುಹಾಕು, ನೆಲಕ್ಕೆ ಹಳೆಯ ಕಂಬಳಿ ಹಾಸು. ಯಾರಾದರೂ ಮೊಟ್ಟೆಯ ಟ್ರೇ ಅಂಟಿಸು ಎಂದರೆ ಕಿವಿಗೆ ಹಾಕಿಕೊಳ್ಳಬೇಡ, ಅದರಿಂದ ಜಿರಲೆಗಳಿಗೆ ಮಾತ್ರ ಉಪಕಾರ. ಗೋಡೆಯಾಚೆಯ ಫ್ರಿಜ್ಜು ಗುಂಯ್ ಅನ್ನುತ್ತದೆ, ರೆಕಾರ್ಡಿಂಗ್ ಹೊತ್ತಿಗೆ ಅದನ್ನು ಆರಿಸು. ಆರಿಸುವಾಗ ಮನೆ ಬಾಗಿಲಿನ ಕೀಲಿಕೈಯನ್ನು ಫ್ರಿಜ್ಜಿನೊಳಗೇ ಇಡು. ಇದು ನಮ್ಮ ಕಸುಬಿನವರ ಹಳೆಯ ಉಪಾಯ. ಹೊರಗೆ ಹೊರಟಾಗ ಕೀಲಿಕೈ ಹುಡುಕಿಕೊಂಡು ಹೋಗುತ್ತೀಯ, ಫ್ರಿಜ್ಜು ಹಾಕುವುದು ನೆನಪಾಗುತ್ತದೆ, ಹಾಲು ಉಳಿಯುತ್ತದೆ.

ಮಾತು ಶುರು ಮಾಡುವ ಮೊದಲು ಕ್ಯಾಮೆರಾ ಎದುರು ಒಂದು ಸಲ ಗಟ್ಟಿಯಾಗಿ ಚಪ್ಪಾಳೆ ತಟ್ಟು. ಆಮೇಲೆ ಚಿತ್ರಕ್ಕೂ ಶಬ್ದಕ್ಕೂ ಜೋಡಿ ಕೂಡಿಸಲು ಅದು ಬೇಕಾಗುತ್ತದೆ.

ಇಲ್ಲಿ ನನ್ನ ಕೆಲಸ ಪೂರ್ತಿ ಕಣ್ಣಿನದು. ಬೆಳಿಗ್ಗೆ ಆರಕ್ಕೆ ಥರ್ಮಾಮೀಟರ್, ಎಂಟಕ್ಕೆ ಮಳೆ ಅಳತೆ, ದಿನವೆಲ್ಲ ಗಾಳಿಯ ದಿಕ್ಕು. ನೆಮ್ಮದಿಯಾಗಿದೆ. ಸ್ಟುಡಿಯೋದ ಗದ್ದಲ ಸಾಕಾಗಿತ್ತು, ಅಷ್ಟೇ. ಮತ್ತೆ ಮತ್ತೆ ಅದನ್ನೇ ಕೆದಕಬೇಡ.

ನಿನ್ನ ತಮ್ಮ


ಏಪ್ರಿಲ್ 20

ತಮ್ಮಾ,

ನೀನು ಮನುಷ್ಯನೋ ಮಾಂತ್ರಿಕನೋ! ಗೋಡೆಯಾಚೆಯ ಫ್ರಿಜ್ಜು ಅಷ್ಟು ದೂರದಿಂದ ಕೇಳಿಸಿತೇ? ಇಲ್ಲೇ ಕೂತ ನನಗೆ ಕೇಳಿಸಿರಲಿಲ್ಲ. ನಿನ್ನ ಭಾವನಿಗೆ ಪತ್ರ ಓದಿ ಹೇಳಿದೆ. "ಅವನಿಗೆ ಕಿವಿ ಅಲ್ಲ, ರಾಡಾರ್ ಇದೆ" ಅಂದರು.

ರಜಾಯಿ ನೇತುಹಾಕಿದೆ. ಮನೆಯಲ್ಲಿದ್ದ ನಾಲ್ಕೂ ಗೋಡೆಗೆ ಹೋದವು, ಈಗ ನಾವು ಹೊದೆಯುವುದು ಮೇಜಿನ ಬಟ್ಟೆ. ರೂಮಿನಲ್ಲಿ ನಿಂತು ಮಾತಾಡಿದರೆ ಬೀರುವಿನೊಳಗೆ ನಿಂತ ಹಾಗಿದೆ. ಮೊಬೈಲನ್ನು ಮೇಲಿನಿಂದ ನೇತಾಡಿಸಿದರೆ ಮಾತ್ರ ಸೂಜಿಯ ಹತ್ತಿರದ ಕೆಲಸ ಕಾಣುತ್ತದೆ, ಆದರೆ ಅಂಗಡಿಯಲ್ಲಿ ಸಿಗುವ ಸ್ಟ್ಯಾಂಡ್‌ಗಳೆಲ್ಲ ಬಡಕಲು. ಅದಕ್ಕೆ ಅಪ್ಪನ ಹಳೆಯ ಮೆಷಿನ್ನಿನ ಕಬ್ಬಿಣದ ಕಾಲುಗಳನ್ನು ತಲೆಕೆಳಗು ಮಾಡಿ ಮೇಜಿನ ಮೇಲೆ ಕಟ್ಟಿದೆ. ಆನೆ ಬಂದು ಗುದ್ದಿದರೂ ಅಲ್ಲಾಡುವುದಿಲ್ಲ. ಮೆಷಿನ್ನಿನ ಪುಟ್ಟ ದೀಪ ಇದೆ, ಕಿಟಕಿಗೆ ಬಿಳಿ ಬಟ್ಟೆ ಕಟ್ಟಿದ್ದೇನೆ. ನೋಡಿದರೆ ನಿಜವಾದ ಸ್ಟುಡಿಯೋ ಕಣೋ! ಕಾಫಿ ಲೋಟ ಹಿಡಿದುಕೊಂಡು ಬಾಗಿಲಲ್ಲಿ ನಿಂತು ಸುಮ್ಮನೆ ನೋಡುತ್ತಿರುತ್ತೇನೆ.

ನಿನ್ನ ಭಾವ ಸಹಾಯಕ್ಕೆ ನಿಂತಿದ್ದಾರೆ, ಅದೇ ತೊಂದರೆ. ಇಪ್ಪತ್ತೆಂಟು ವರ್ಷ ಪಿ.ಟಿ. ಮೇಷ್ಟರಾಗಿದ್ದವರು. "ಸ್ಟಾರ್ಟ್" ಅನ್ನುವ ಬದಲು ಸೀಟಿ ಊದಿದರು. ನಾನು ಕುರ್ಚಿಯಿಂದ ಹಾರಿಬಿದ್ದೆ, ಎದುರು ಮನೆಯ ನಾಯಿ ಹತ್ತು ನಿಮಿಷ ಬೊಗಳಿತು. ಆಮೇಲೆ ಕೀಲಿಕೈ ಫ್ರಿಜ್ಜಿನಲ್ಲಿಟ್ಟದ್ದು ಅವರಿಗೆ ಹೇಳಿರಲಿಲ್ಲ. ಇಡೀ ಮನೆ ತಡಕಾಡಿ, ವಾಕಿಂಗ್ ತಪ್ಪಿಸಿಕೊಂಡು, ಕೊನೆಗೆ ಮೊಸರಿನ ಪಾತ್ರೆಯ ಪಕ್ಕದಲ್ಲಿ ಸಿಕ್ಕಾಗ ನಿನ್ನ ಹೆಸರು ಹೇಳಿ ಏನಂದರು ಎಂದು ಬರೆಯುವುದಿಲ್ಲ.

ಆಫೀಸಿನ ಖಾನೆಯಲ್ಲಿ ಅಪ್ಪನ ಚೀಟಿಗಳ ಕಟ್ಟು ಸಿಕ್ಕಿತು. ನೆನಪಿದೆಯಾ? ಯಾರು ಮೆಷಿನ್ ತಂದರೂ, ಬಾಯಲ್ಲಿ ಹೇಳಿದರೆ ಅಪ್ಪ ತೆಗೆದುಕೊಳ್ಳುತ್ತಿರಲಿಲ್ಲ. "ಚೀಟಿಯಲ್ಲಿ ಬರೆದು ಕೊಡಿ, ಮೆಷಿನ್ ಜೊತೆ ಕಟ್ಟಿಡ್ತೀನಿ." ಎಷ್ಟು ಶಿಸ್ತಿನ ಮನುಷ್ಯ! ನಾನೂ ಅದನ್ನೇ ನಡೆಸಿಕೊಂಡು ಬಂದಿದ್ದೇನೆ. ಶೋ ಶುರುವಾಗುವುದೇ ಚೀಟಿ ಓದುವುದರಿಂದ ಎಂದು ತೀರ್ಮಾನಿಸಿದ್ದೇನೆ, ನೋಡುವವರು ತಮ್ಮ ಮೆಷಿನ್ನಿನ ತೊಂದರೆ ಬರೆದು ಕಳಿಸಲಿ. ಕಟ್ಟಿನಲ್ಲಿ ನಿನ್ನ ಭಾವನ ಚೀಟಿಯೂ ಇದೆ! ನನ್ನನ್ನು ಕೇಳಲು ಅಂಗಡಿಗೆ ಬಂದಿದ್ದಾಗ ಬರೆದದ್ದು. "ತೊಂದರೆ ಏನು?" ಎಂದು ಅಚ್ಚಾಗಿರುವ ಜಾಗದ ಎದುರು "ನಿಮ್ಮ ಮಗಳನ್ನು ಮದುವೆಯಾಗಬೇಕೆಂದಿದ್ದೇನೆ" ಎಂದು ದುಂಡಗೆ ಬರೆದಿದ್ದಾರೆ. ಕೆಳಗೆ ಅಪ್ಪನ ಕೈಬರಹ: "ಆಗಬಹುದು." ನಾಚಿಕೆಯಿಂದ ಬಾಯಿ ಬಿಡಲಾಗದೆ ಬರೆದುಕೊಟ್ಟಿದ್ದಾರೆ ಪಾಪ. ಹೊಟ್ಟೆ ಹುಣ್ಣಾಗುವಷ್ಟು ನಕ್ಕೆ.

ನಿನ್ನ ಆಫೀಸಿನ ಫೋನಿಗೆ ಈ ತಿಂಗಳಲ್ಲಿ ಮೂರು ಸಲ ಮಾಡಿದೆ. ಪ್ರತಿ ಸಲವೂ ನಿನ್ನ ಮೇಲಧಿಕಾರಿ ಎತ್ತಿ "ಅವರು ಹೊರಗಿದ್ದಾರೆ" ಅನ್ನುತ್ತಾರೆ. ಯಾವ ಹೊತ್ತಿನಲ್ಲೂ ಹೊರಗೇ ಇರುತ್ತೀಯೇನೋ?

ಅಕ್ಕ


ಏಪ್ರಿಲ್ 29

ಅಕ್ಕಾ,

ಭಾವನ ಸೀಟಿ ಈ ಗುಡ್ಡದವರೆಗೂ ಕೇಳಿಸಿತು ಎಂದು ಅವರಿಗೆ ಹೇಳು. ಆ ಚೀಟಿಗೆ ಚೌಕಟ್ಟು ಹಾಕಿಸಿ ನಿನ್ನ ಹಿಂದಿನ ಗೋಡೆಗೆ ನೇತುಹಾಕು, ಶೋಗೆ ಅದಕ್ಕಿಂತ ಒಳ್ಳೆಯ ಅಲಂಕಾರ ಬೇಡ.

ಬೆಳಕು ಎಡಗಡೆಯಿಂದ ಬರಲಿ, ನಿನ್ನ ಬಲಗೈ ನೆರಳು ಸೂಜಿಯ ಮೇಲೆ ಬೀಳಬಾರದು. ಮಾತಾಡುವಾಗ ಮುಖ ಕ್ಯಾಮೆರಾ ಕಡೆಗೇ ಇರಲಿ, ಬಾಯಿ ಚೆನ್ನಾಗಿ ಕಾಣಲಿ. ಕೆಲಸ ಮಾಡುವಾಗ ಮಾತು ಕಡಿಮೆ ಮಾಡಿ ಕೈ ತೋರಿಸು. ನಿನ್ನ ಕೈ ಎಲ್ಲ ಹೇಳುತ್ತದೆ.

ಅಪ್ಪನ ಉದ್ದ ಸ್ಕ್ರೂಡ್ರೈವರ್ ಇದೆಯಾ? ಮರದ ಹಿಡಿಯದು. ಅದರ ತುದಿಯನ್ನು ಓಡುವ ಮೆಷಿನ್ನಿನ ಮೈಗೆ ಒತ್ತಿ, ಹಿಡಿಯನ್ನು ಹಲ್ಲಿನಲ್ಲಿ ಕಚ್ಚಿಕೊಂಡು ಕಣ್ಣು ಮುಚ್ಚುತ್ತಿದ್ದ. ಎರಡು ನಿಮಿಷ. ಆಮೇಲೆ "ಶಟಲ್ ಸವೆದಿದೆ" ಅನ್ನುತ್ತಿದ್ದ, ಬಿಚ್ಚಿದರೆ ಸವೆದೇ ಇರುತ್ತಿತ್ತು. ಗಿರಾಕಿಗಳು ಬಾಯಿಬಿಟ್ಟುಕೊಂಡು ನೋಡುತ್ತಿದ್ದರು. ಅದನ್ನು ಶೋನಲ್ಲಿ ತೋರಿಸು.

ಫೋನಿನ ವಿಷಯ: ಇಲ್ಲಿಯ ಲೈನು ಸರಿಯಿಲ್ಲ, ಗಾಳಿಗೆ ಏನೂ ತಿಳಿಯುವುದಿಲ್ಲ. ನೀನು ಬರೆ. ನಿನ್ನ ಪತ್ರಗಳು ಬಂದರೆ ಹಬ್ಬ.

ನಿನ್ನ ತಮ್ಮ


ಮೇ 8

ತಮ್ಮಾ!

ಮುಗಿಯಿತು! ಮೊದಲ ಕಂತು! ಹೊಲಿಗೆ ತಪ್ಪಿಸುವ ಮೆಷಿನ್, ಇಪ್ಪತ್ತಾರು ನಿಮಿಷ, ಒಂದೇ ಉಸಿರಿನಲ್ಲಿ. ಚಾನೆಲ್ಲಿನವರು ಕಳಿಸಿದ ಕಾಲರ್ ಮೈಕ್ ಏಪ್ರನ್ನಿಗೆ ಸಿಕ್ಕಿಸಿಕೊಂಡಿದ್ದೆ. ನಿನ್ನ ಭಾವನನ್ನು ಬೀದಿ ಬಾಗಿಲಿಗೆ ಕಾವಲು ಕೂರಿಸಿದ್ದೆ, ಸೀಟಿಯನ್ನು ನನ್ನ ಬೀರುವಿನಲ್ಲಿಟ್ಟು ಬೀಗ ಹಾಕಿದ್ದೆ. ಫ್ರಿಜ್ಜು ಆರಿಸಿ, ಕೀಲಿಕೈ ಒಳಗಿಟ್ಟು, ಚಪ್ಪಾಳೆ ತಟ್ಟಿ ಶುರು ಮಾಡಿದವಳು ನಿಲ್ಲಿಸಲೇ ಇಲ್ಲ. ಮೊದಲ ಎರಡು ನಿಮಿಷ ಭಯವಿತ್ತು. ಆಮೇಲೆ ಎದುರಿಗೆ ನೀನೇ ಕೂತಿದ್ದೀಯ, ನಿನಗೇ ಹೇಳಿಕೊಡುತ್ತಿದ್ದೇನೆ ಅಂದುಕೊಂಡೆ, ಭಯ ಹಾರಿಹೋಯಿತು.

ತಿರುಗಿ ನೋಡುವಷ್ಟೂ ತಾಳ್ಮೆಯಿಲ್ಲ. ಕಾರ್ಡನ್ನು ಹಾಗೇ ಲಕೋಟೆಗೆ ಹಾಕಿ ಪೋಸ್ಟಿಗೆ ಓಡುತ್ತಿದ್ದೇನೆ, ನಾಲ್ಕು ಗಂಟೆಗೆ ಅವರು ಟಪಾಲು ಕಟ್ಟುತ್ತಾರೆ. ಇನ್ನೊಂದು ಪ್ರತಿ ಮೊಬೈಲಿನಲ್ಲಿದೆ. ಹೊಗಳಬೇಡ, ಕೇಳಿ ಹೇಳು. ನೀನು ಹೂಂ ಅಂದ ದಿನ ಅವರಿಗೆ ಕಳಿಸುತ್ತೇನೆ.

ಅಕ್ಕ


ಮೇ 10

ತಮ್ಮಾ,

ಆ ಕಾರ್ಡನ್ನು ಎಸೆದುಬಿಡು. ತಲೆ ಚಚ್ಚಿಕೊಳ್ಳುವಂತಾಗಿದೆ. ಇವತ್ತು ಮೊಬೈಲಿನ ಪ್ರತಿ ಹಾಕಿ ನೋಡಿದರೆ ಇಪ್ಪತ್ತಾರು ನಿಮಿಷವೂ ನಾನು ಬಾಯಿ ಆಡಿಸುತ್ತಿದ್ದೇನೆ, ಪಿಟಕ್ ಅನ್ನುವ ಸದ್ದಿಲ್ಲ. ಮೈಕಿನ ಬದಿಯಲ್ಲಿ ಕಡಲೆಬೇಳೆಯಷ್ಟು ಸಣ್ಣ ಸ್ವಿಚ್ಚಿದೆ, ಅದನ್ನು ಹಾಕಿರಲೇ ಇಲ್ಲ. ನಿನ್ನ ಭಾವ "ನಿನ್ನ ಬಾಯಿ ಮುಚ್ಚಿಸೋಕೆ ನನಗೆ ಮೂವತ್ತು ವರ್ಷದಿಂದ ಆಗಿರಲಿಲ್ಲ, ಒಂದು ಸ್ವಿಚ್ ಮಾಡಿಬಿಡ್ತು" ಎಂದು ಬಿದ್ದು ಬಿದ್ದು ನಕ್ಕರು. ನಾನೂ ನಕ್ಕೆ, ಆಮೇಲೆ ಸ್ವಲ್ಪ ಅತ್ತೆ, ಆಮೇಲೆ ಮತ್ತೆ ನಕ್ಕೆ. ಮತ್ತೆ ರೆಕಾರ್ಡ್ ಮಾಡುತ್ತೇನೆ. ಹೇಗೂ ದಿನವಿದೆ.

ಅಕ್ಕ


ಮೇ 15

ಅಕ್ಕಾ,

ಈ ವಾರದ ಜೀಪಿನಲ್ಲಿ ನಿನ್ನ ಎಂಟನೇ ತಾರೀಖಿನ ಪತ್ರ, ಕಾರ್ಡು ಬಂತು. ಆಫೀಸಿನ ಕಂಪ್ಯೂಟರಿನಲ್ಲಿ ಕೂತು ಪೂರ್ತಿ ನೋಡಿದೆ, ಎರಡು ಸಲ. ಅಕ್ಕಾ, ಎಷ್ಟು ಚೆನ್ನಾಗಿ ಕಾಣುತ್ತೀಯ! ಆರನೇ ನಿಮಿಷದಲ್ಲಿ ನೀಲಿ ದಾರ ಸೂಜಿಯಿಂದ ಜಾರಿದಾಗ ನಾಲಿಗೆ ಕಚ್ಚಿಕೊಂಡು, ಮರುಕ್ಷಣ ನಕ್ಕು ಮತ್ತೆ ಪೋಣಿಸಿದೆಯಲ್ಲ, ಅದನ್ನು ಕತ್ತರಿಸಬೇಡ. ಕೆಳದಾರದ ಬಾಬಿನ್ ಕೇಸನ್ನು ಅಂಗೈ ಮೇಲಿಟ್ಟು ಬೆಳಕಿಗೆ ತಿರುಗಿಸಿದ್ದು ತುಂಬಾ ಚಂದ.

ಶಬ್ದದ ಬಗ್ಗೆ ಚಿಂತೆಯೇ ಬೇಡ. ಗಾಜಿನಷ್ಟು ಸ್ವಚ್ಛ. ನಿನ್ನ ಚಪ್ಪಾಳೆ ಗುಂಡು ಹಾರಿದಂತೆ ಕೇಳಿಸಿತು. ಪುಟಿಯುವುದು ಪೂರ್ತಿ ಹೋಗಿದೆ, ಫ್ರಿಜ್ಜಿಲ್ಲ, ಭಾವನ ಸೀಟಿಯಿಲ್ಲ. ಹೂಂ. ಇದೇ ನನ್ನ ಹೂಂ. ಧೈರ್ಯವಾಗಿ ಕಳಿಸು.

ನಿನ್ನ ತಮ್ಮ


ಮೇ 21

ತಮ್ಮನಿಗೆ,

ನಿನ್ನ ಪತ್ರ ಬಂತು. ನನ್ನ ಹತ್ತನೇ ತಾರೀಖಿನ ಪತ್ರ ಇಷ್ಟು ಹೊತ್ತಿಗೆ ನಿನಗೂ ಬಂದಿರುತ್ತದೆ, ಹಾಗಾಗಿ ಹೆಚ್ಚು ಬಿಡಿಸಿ ಹೇಳಬೇಕಿಲ್ಲ.

ಪುರುಸೊತ್ತಿಲ್ಲದಿದ್ದರೆ ಇಲ್ಲ ಅನ್ನಬಹುದಿತ್ತು. ಕೇಳದೆಯೇ ಗಾಜು, ಗುಂಡು ಎಂದೆಲ್ಲ ಬರೆಯುವ ಅಗತ್ಯವಿರಲಿಲ್ಲ. ಬಾಯಿಮಾತಿಗೆ ಹೊಗಳುವವರು ಈ ಬೀದಿಯಲ್ಲೇ ಬೇಕಾದಷ್ಟಿದ್ದಾರೆ, ಅದಕ್ಕೆ ಗುಡ್ಡದ ಮೇಲಿನವನು ಬೇಕಿರಲಿಲ್ಲ. ನಿನ್ನ ಒಂದು ಹೂಂಗೆ ನಾನು ಇಷ್ಟು ದಿನ ಕಾದದ್ದು ನಿನಗೆ ತಮಾಷೆಯಾಗಿ ಕಂಡಿರಬೇಕು. ನನಗೆ ಬೇಜಾರಾಗಿದೆ.

ಅಕ್ಕ


ಜೂನ್ 6

ತಮ್ಮಾ,

ಹದಿನೈದು ದಿನವಾಯಿತು, ನಿನ್ನಿಂದ ಒಂದು ಸಾಲಿಲ್ಲ. ತಪ್ಪು ನನ್ನದು. ಇದನ್ನು ಪೂರ್ತಿ ಓದು, ಮಧ್ಯದಲ್ಲಿ ಮಡಚಿ ಇಡಬೇಡ.

ಸಿಟ್ಟು ಇಳಿದ ಮೇಲೆ ನಿನ್ನ ಪತ್ರವನ್ನು ಮತ್ತೆ ತೆಗೆದು ಓದಿದೆ. ನೀಲಿ ದಾರ ಆರನೇ ನಿಮಿಷಕ್ಕೇ ಜಾರಿದ್ದು. ನಾಲಿಗೆ ಕಚ್ಚಿಕೊಂಡದ್ದು ನಿಜ. ನೋಡದವನಿಗೆ ಇದು ಗೊತ್ತಾಗುವುದಿಲ್ಲ. ನೀನು ಪೂರ್ತಿ ನೋಡಿದ್ದೀಯ, ನನಗಿಂತ ಚೆನ್ನಾಗಿ ನೋಡಿದ್ದೀಯ. ಹಾಗಿದ್ದರೆ ಸದ್ದೇ ಇಲ್ಲದ ಚಪ್ಪಾಳೆ ನಿನಗೆ ಹೇಗೆ ಕೇಳಿಸಿತು? ಪತ್ರ ಹಿಡಿದುಕೊಂಡು ಅಂಗಡಿಯ ಸ್ಟೂಲಿನ ಮೇಲೆ ಕೂತುಬಿಟ್ಟೆ. ಫ್ರಿಜ್ಜು ನಿನಗೆ ಕೇಳಿಸಿರಲಿಲ್ಲ, ನನ್ನ ನಕ್ಷೆಯಲ್ಲಿ ಕಂಡಿತ್ತು. ಫೋನಿನ ಲೈನಿಗೆ ಏನೂ ಆಗಿರಲಿಲ್ಲ. "ಬಾಯಿ ಚೆನ್ನಾಗಿ ಕಾಣಲಿ" ಎಂದು ನೀನು ಬರೆದಿದ್ದೆ. ಯಾಕೆ ಎಂದು ನಾನು ಕೇಳಲೇ ಇಲ್ಲ.

ಎಂಥ ಅಕ್ಕ ನಾನು! ಕಿವಿ ಹೋಗುತ್ತಿರುವವನ ಮುಂದೆ ಕಾರ್ಡಿನ ಮೇಲೆ ಕಾರ್ಡು ಹಿಡಿದು ಕೇಳು, ಕೇಳು ಎಂದು ಪೀಡಿಸಿದೆ.

ಈಗ ಮುಖ್ಯ ವಿಷಯಕ್ಕೆ ಬರುತ್ತೇನೆ, ಕುರ್ಚಿ ಎಳೆದುಕೊಂಡು ಕೂತುಕೋ. ಮೊನ್ನೆ ಹೊಸದಾಗಿ ರೆಕಾರ್ಡ್ ಮಾಡಲು ಅಪ್ಪನ ಸ್ಕ್ರೂಡ್ರೈವರ್ ಹುಡುಕಿ ತೆಗೆದೆ. ಹಿಡಿಯ ತುಂಬಾ ಹಲ್ಲಿನ ಗುರುತು. ನಿನ್ನ ಭಾವ ನೋಡುತ್ತ ನಿಂತಿದ್ದವರು ತಮ್ಮ ಆ ಚೀಟಿಯ ಮಾತು ತೆಗೆದರು: "ನಾಚಿಕೆಯಿಂದ ಬರೆದುಕೊಟ್ಟೆ ಅಂತ ನೀನು ಊರೆಲ್ಲಾ ಹೇಳ್ತೀಯ. ಮೂರು ಸಲ ಬಾಯಿಬಿಟ್ಟು ಕೇಳಿದೆ ಕಣೇ ನಿಮ್ಮಪ್ಪನ್ನ. ಮೂರು ಸಲಾನೂ ನನ್ನ ಮುಖ ನೋಡಿ ಚೀಟಿ ಮುಂದೆ ತಳ್ಳಿದ್ರು."

ಭಾವನ ದನಿ ನಿನಗೆ ಗೊತ್ತಲ್ಲ, ಮೈದಾನದ ಆ ತುದಿಯಲ್ಲಿ ನಿಂತ ಮಕ್ಕಳೂ ಬೆಚ್ಚುವ ದನಿ. ಮೇಜಿನ ಈಚೆ ಕೂತ ಅಪ್ಪನಿಗೆ ಅದು ಮೂರು ಸಲವೂ ಕೇಳಿಸಿರಲಿಲ್ಲ.

ನಾವಿಬ್ಬರೂ ಅದನ್ನು ಶಿಸ್ತು ಅಂದುಕೊಂಡಿದ್ದೆವಲ್ಲೋ. ಮನೆಯಲ್ಲಿ ಎಲ್ಲರೂ ಕೂಗಿ ಮಾತಾಡುವುದು ಮೆಷಿನ್ನಿನ ಗದ್ದಲಕ್ಕೆ ಅಂದುಕೊಂಡಿದ್ದೆವು. ಸ್ಕ್ರೂಡ್ರೈವರ್ ನನಗೂ ಕೊಡು ಎಂದು ನಾನು ಹಟ ಮಾಡಿದಾಗ ಅಪ್ಪ ಏನಂದಿದ್ದ ನೆನಪಿದೆಯಾ? "ನಿಮಗಿದು ಬೇಡ, ನಿಮ್ಮ ಕಿವಿ ಚೆನ್ನಾಗಿದೆ." ಅಷ್ಟು ಸ್ಪಷ್ಟವಾಗಿ ಹೇಳಿದ್ದ! ಅವನ ಕಿವಿ ಹೋಗಿತ್ತು, ಹಲ್ಲಿನಿಂದ ಕೇಳುತ್ತಿದ್ದ. ನಾಚಿಕೆಗೋ ಹಟಕ್ಕೋ ಯಾರಿಗೂ ಹೇಳದೆ ಚೀಟಿ ಅಚ್ಚು ಹಾಕಿಸಿದ. ನೀನು ಪತ್ರ ಬರೆಯಲು ಗುಡ್ಡ ಹತ್ತಿದೆ. ಅಪ್ಪನ ಮಗನೇ ಸರಿ.

ಸುಮ್ಮನಿರಲಾಗದೆ ನಾನೇ ಕಿವಿ ಡಾಕ್ಟರ ಹತ್ತಿರ ಹೋದೆ. "ಯಾರಿಗೆ ತೊಂದರೆ?" ಅಂದರು. "ನನ್ನ ತಮ್ಮನಿಗೆ, ಅವನು ಬಂದಿಲ್ಲ" ಅಂದೆ. ನಕ್ಕರು, ಆದರೂ ಕೂರಿಸಿ ಹೇಳಿದರು. ಕಿವಿಯೊಳಗೆ ಅಕ್ಕಿಕಾಳಿಗಿಂತ ಸಣ್ಣ ಮೂಳೆಯೊಂದಿದೆಯಂತೆ. ಕೆಲವು ಮನೆತನಗಳಲ್ಲಿ ಅದು ಬರಬರುತ್ತಾ ಬಿಗಿದುಕೊಳ್ಳುತ್ತದಂತೆ, ಅಪ್ಪನಿಂದ ಮಕ್ಕಳಿಗೂ ಬರಬಹುದಂತೆ. ಹಾಗಾದವರಿಗೆ ಗಾಳಿಯಲ್ಲಿ ಬಂದ ಶಬ್ದ ಒಳಗೆ ಹೋಗುವುದಿಲ್ಲ, ಹಲ್ಲು, ಮೂಳೆಯ ಮೂಲಕ ಹೋದದ್ದು ಕೇಳಿಸುತ್ತದೆ. ಹಲ್ಲಿನಿಂದ ಕೇಳಿಸಿದರೆ ಒಳಗಿನ ನರ ಚೆನ್ನಾಗಿದೆ ಎಂದು ಅರ್ಥ, ಆಪರೇಷನ್ನೋ ಯಂತ್ರವೋ ಏನಾದರೂ ದಾರಿ ಇರುತ್ತದಂತೆ. "ಪರೀಕ್ಷೆ ಮಾಡದೆ ಖಂಡಿತ ಹೇಳಲಾರೆ, ಕರೆದುಕೊಂಡು ಬನ್ನಿ" ಅಂದರು. ತಮ್ಮಾ, ನನಗೆ ಅಲ್ಲೇ ಕುಣಿಯಬೇಕು ಅನ್ನಿಸಿತು. ಮೂವತ್ತೊಂದು ವರ್ಷದ ಅನುಭವದಿಂದ ಹೇಳುತ್ತೇನೆ, ಕೆಟ್ಟ ಮೆಷಿನ್ ಬೇರೆ, ಜಾಮ್ ಆದ ಮೆಷಿನ್ ಬೇರೆ. ಜಾಮ್ ಆದದ್ದನ್ನು ಯಾರಾದರೂ ಎಸೆಯುತ್ತಾರಾ?

ಅಪ್ಪನ ಸ್ಕ್ರೂಡ್ರೈವರ್ ಇದರ ಜೊತೆ ಪಾರ್ಸಲ್ಲಿನಲ್ಲಿದೆ. ಬಿಸಿನೀರಿನಲ್ಲಿ ತೊಳೆದಿದ್ದೇನೆ. ಹೊಸ ರೆಕಾರ್ಡಿಂಗಿನ ಕಾರ್ಡೂ ಇದೆ, ಈ ಸಲ ಸ್ವಿಚ್ಚು ಹಾಕಿದ್ದೇನೆ. ತುದಿಯನ್ನು ಸ್ಪೀಕರಿನ ಡಬ್ಬಿಗೆ ಒತ್ತು, ಹಿಡಿಯನ್ನು ಕಚ್ಚಿಕೋ, ಕಣ್ಣು ಮುಚ್ಚು.

ಚಾನೆಲ್ಲಿನ ಹುಡುಗಿ ಫೋನ್ ಮಾಡಿದ್ದಳು. "ಮಿಕ್ಸಿಯವರು ದಿನಾ ಕೇಳ್ತಿದ್ದಾರೆ ಮೇಡಂ, ಯಾವಾಗ ಕಳಿಸ್ತೀರಿ?" ಅಂದಳು. ನನ್ನ ತಮ್ಮ ಹೂಂ ಅಂದ ಮೇಲೆ ಎಂದು ಹೇಳಿದ್ದೇನೆ. ಮೂವತ್ತನೇ ತಾರೀಖಿನವರೆಗೂ ಕಾಯುತ್ತೇನೆ. ಮಿಕ್ಸಿಯವನ ಪಾಲಾದರೆ ಆಗಲಿ. ಕೇಳಿಸದಿದ್ದರೆ ಕೇಳಿಸಲಿಲ್ಲ ಎಂದೇ ಬರೆ. ನನ್ನ ಹತ್ತಿರ ಇನ್ನೊಂದು ಸುಳ್ಳು ಹೇಳಿದರೆ ಮಾತ್ರ ಗುಡ್ಡಕ್ಕೇ ಬಂದು ಬಾರಿಸುತ್ತೇನೆ.

ಅಕ್ಕ


ಜೂನ್ 15

ಅಕ್ಕಾ,

ಇನ್ನೊಂದು ಸುಳ್ಳು ಹೇಳುವುದಿಲ್ಲ, ಇದನ್ನು ಪೂರ್ತಿ ಓದು.

ಮೂರು ವರ್ಷದ ಹಿಂದೆ ಎಡಗಿವಿಯಿಂದ ಶುರುವಾಯಿತು. ಸ್ಟುಡಿಯೋದಲ್ಲಿ ಶಬ್ದ ಅಳೆಯುವ ಮೀಟರಿನ ಮುಳ್ಳು ನೋಡಿಕೊಂಡು ಒಂದು ವರ್ಷ ತಳ್ಳಿದೆ. ಮುಳ್ಳು ಎಲ್ಲಿಗೆ ಹೋದರೆ ದನಿ ಹೇಗಿರುತ್ತದೆ ಎಂದು ಅಂದಾಜಿತ್ತು. ಒಂದು ದಿನ ಹಾಡಿನ ಹಿಂದೆ ಪಂಪ್ ಓಡುವ ಶಬ್ದ ಸೇರಿಕೊಂಡಿತು. ಸ್ಟುಡಿಯೋದಲ್ಲಿದ್ದವರಿಗೆಲ್ಲ ಕೇಳಿಸಿತು, ನಾನೊಬ್ಬ "ಸೂಪರ್, ಓಕೆ" ಅಂದೆ. ಎಲ್ಲರೂ ತಮಾಷೆ ಅಂದುಕೊಂಡು ನಕ್ಕರು. ಮರುದಿನವೇ ಕೆಲಸ ಬಿಟ್ಟೆ. ಕಿವಿಯಿಂದಲೇ ಹೆಸರು ಮಾಡಿದವನು ನಾನು, ಅದೇ ಇಲ್ಲ ಎಂದು ನಿನ್ನ ಎದುರು ಹೇಗೆ ಹೇಳಲಿ? ಈ ಆಫೀಸಿನ ಕಂಪ್ಯೂಟರಿನಲ್ಲಿ ಮುಳ್ಳೂ ಇಲ್ಲ. ಅದಕ್ಕೇ ಸಿಕ್ಕಿಬಿದ್ದೆ. ನಿನ್ನ ಮೇ ಹತ್ತರ ಪತ್ರ ಬಂದ ದಿನ ಅದನ್ನು ಜೇಬಿನಲ್ಲಿಟ್ಟುಕೊಂಡು ಮಳೆ ಅಳೆಯುವ ಡಬ್ಬಿಯ ಪಕ್ಕ ತುಂಬಾ ಹೊತ್ತು ನಿಂತಿದ್ದೆ. ಆಮೇಲಿನ ಪತ್ರ ಬಂದಾಗ, ಅಕ್ಕ ಹಾಗೇ ಅಂದುಕೊಳ್ಳಲಿ, ಸೋಮಾರಿ ಎಂದರೆ ಎನ್ನಲಿ ಅನ್ನಿಸಿತು. ಅದೇ ಸುಲಭವಾಗಿತ್ತು.

ಇವತ್ತು ಪಾರ್ಸಲ್ ಬಂತು. ಹಿಡಿಯ ಮೇಲೆ ಅಪ್ಪನ ಹಲ್ಲಿನ ಗುರುತಿನ ಮೇಲೇ ನನ್ನ ಹಲ್ಲು ಕೂತವು, ಸರಿಯಾಗಿ. ತುದಿಯನ್ನು ಸ್ಪೀಕರ್ ಡಬ್ಬಿಗೆ ಒತ್ತಿದೆ. ಮೇಲಧಿಕಾರಿ ಒಳಗೆ ಬಂದವರು ನೋಡಿ ಕೈಸನ್ನೆ ಮಾಡಿ, ನನಗೆ ತಿಳಿಯುವಂತೆ ಬಾಯಿ ಅಗಲಿಸಿ ಕೇಳಿದರು: "ಏನ್ರೀ, ಊಟ ಸಾಲಲಿಲ್ವಾ?" ಅವರಿಗೆ ಮೊದಲಿನಿಂದಲೂ ನನ್ನ ವಿಷಯ ಗೊತ್ತಿತ್ತು, ಫೋನ್ ಎತ್ತುತ್ತಿದ್ದುದು ಅದಕ್ಕೇ.

ಮೊದಲು ಹಲ್ಲಿನಲ್ಲಿ ಜುಂ ಅಂದಿತು. ಆಮೇಲೆ ಟಪ್ ಎಂದು ನಿನ್ನ ಚಪ್ಪಾಳೆ. ಆಮೇಲೆ ನೀನು. "ನಮಸ್ಕಾರ, ಇವತ್ತಿನ ಚೀಟಿ ಓದ್ತೀನಿ" ಎಂದೆಯಲ್ಲ, ತಲೆಯೊಳಗೇ ಕೂತು ಮಾತಾಡಿದ ಹಾಗೆ ಕೇಳಿಸಿತು. ಎರಡು ವರ್ಷದಿಂದ ನಿನ್ನ ದನಿಯನ್ನು ನೆನಪಿನಿಂದ ಹಾಕಿಕೊಂಡೇ ಪತ್ರ ಓದುತ್ತಿದ್ದೆ. ನೆನಪಿನಲ್ಲಿ ಅದು ಇಷ್ಟು ಜೋರಾಗಿರಲಿಲ್ಲ. ಅತ್ತೆ ಅಕ್ಕಾ, ಸ್ಕ್ರೂಡ್ರೈವರ್ ಕಚ್ಚಿಕೊಂಡೇ ಅತ್ತೆ. ಮೇಲಧಿಕಾರಿ ಗಾಬರಿಯಾಗಿ ನೀರು ತಂದುಕೊಟ್ಟರು.

ಈಗ ಕಸುಬಿನ ಮಾತು. ಈ ರೆಕಾರ್ಡಿಂಗ್ ಕೆಟ್ಟದಾಗಿದೆ, ಕಳಿಸಬೇಡ. ಮೈಕು ಏಪ್ರನ್ನಿಗೆ ಉಜ್ಜುತ್ತಿದೆ, ಎರಡು ಬೆರಳು ಮೇಲೆ ಸಿಕ್ಕಿಸು. ಫ್ರಿಜ್ಜು ಆರಿಸುವುದನ್ನು ಮರೆತಿದ್ದೀಯ, ಈ ಸಲ ನಿಜವಾಗಿ ಕೇಳಿಸಿತು. ಒಂಬತ್ತನೇ ನಿಮಿಷದಿಂದ ಹದಿಮೂರರವರೆಗೆ ಕಾವಲು ಕೂತ ಭಾವ ಗೊರಕೆ ಹೊಡೆಯುತ್ತಿದ್ದಾರೆ. ಮತ್ತೆ ಮಾಡು. ಮೂವತ್ತಕ್ಕೆ ಇನ್ನೂ ಹದಿನೈದು ದಿನವಿದೆ. ಮಿಕ್ಸಿಯವನಿಗೆ ಒಂದು ಅಂಗುಲವನ್ನೂ ಬಿಟ್ಟುಕೊಡಬಾರದು.

ಹತ್ತು ದಿನ ರಜೆ ಕೇಳಿದ್ದೇನೆ, ಕೊಟ್ಟಿದ್ದಾರೆ. ಇಪ್ಪತ್ತಮೂರಕ್ಕೆ ಜೀಪಿನಲ್ಲಿ ಇಳಿದು ಬರುತ್ತೇನೆ. ಡಾಕ್ಟರಿಗೆ ಹೇಳಿಡು. ಆ ರೂಮಿನಲ್ಲಿ ನಾನೇ ಕೂತು ಮೊದಲ ಕಂತು ರೆಕಾರ್ಡ್ ಮಾಡುತ್ತೇನೆ, ರಜಾಯಿಗಳನ್ನು ತೆಗೆಯಬೇಡ.

ಅದಕ್ಕೂ ಮೊದಲು ಒಂದು ಕೆಲಸ. ಈ ಪತ್ರ ಕೈಸೇರಿದ ಮರುದಿನ ಬೆಳಿಗ್ಗೆ ಹನ್ನೊಂದಕ್ಕೆ ನಮ್ಮ ಆಫೀಸಿಗೆ ಫೋನ್ ಮಾಡು. ಹದಿನೆಂಟರಿಂದ ದಿನವೂ ಹನ್ನೊಂದಕ್ಕೆ ನಾನು ಅದರ ಪಕ್ಕದಲ್ಲೇ, ಗಂಟೆ ಬಾರಿಸಿದರೆ ತಿಳಿಯಲೆಂದು ಅದರ ಮೇಲೆ ಕೈಯಿಟ್ಟುಕೊಂಡು ಕೂತಿರುತ್ತೇನೆ. ಬಾಯಲ್ಲಿ ಸ್ಕ್ರೂಡ್ರೈವರ್ ಇರುವುದರಿಂದ ನನಗೆ ಮಾತಾಡಲಾಗುವುದಿಲ್ಲ. ಪೂರ್ತಿ ನೀನೇ ಮಾತಾಡಬೇಕು, ಅದು ನಿನಗೇನೂ ಕಷ್ಟವಲ್ಲ. ಫೋನ್ ನಾನೇ ಎತ್ತುತ್ತೇನೆ.

ನಿನ್ನ ತಮ್ಮ